ನಿಂಬೆಹಣ್ಣು ಮತ್ತು ಕಂಟ್ರೋಲ್ ಜೆಡ್

ಅರಿಶಿನವು ಕ್ಷಾರ ಸೋಕಿದೊಡನೆ ಕೆಂಪಾಗುತ್ತದೆ ಎಂಬುದನ್ನು ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ನಾನು 22 ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷವೂ ಸೋಸುಕಾಗದದ ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಣಗಿಸಿ, ಅದರ ಮೇಲೆ ಸೋಪಿನ ನೀರಿನ ಒಂದು ಹನಿ ಬಿಟ್ಟು, ಮಕ್ಕಳು "ಓ" ಎನ್ನುವಾಗ ಜಾದೂಗಾರಳಂತೆ ಗಂಭೀರ ಮುಖ ಮಾಡಿಕೊಂಡು ನಿಂತಿದ್ದೇನೆ. ಇಷ್ಟೆಲ್ಲ ಅನುಭವವಿದ್ದ ನಾನೇ ಕಳೆದ ಬೇಸಿಗೆ ರಜೆಯಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ, ಅರಿಶಿನದಿಂದ ಬಳಿದ ಆಕಾಶಕ್ಕೆ ಸುಣ್ಣದಿಂದ ಬಿಳಿ ಮೋಡ ಬರೆಯಲು ಹೊರಟೆ ಎಂಬುದನ್ನು ನನ್ನ ವಿದ್ಯಾರ್ಥಿಗಳು ಯಾರೂ ಓದಲಾರರು ಎಂಬ ಧೈರ್ಯದಿಂದ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ನಮ್ಮ ದೊಡ್ಡ ನಾದಿನಿಯವರ ಗೃಹಪ್ರವೇಶ. ಸ್ಟೀಲಿನ ಡಬ್ಬಿಗಳನ್ನೂ ಗೋಡೆ ಗಡಿಯಾರವನ್ನೂ ಕೊಡುವವರು ಹೇಗೂ ಇದ್ದೇ ಇರುತ್ತಾರೆ, ನಾವು ಕೈಯಾರೆ ಏನಾದರೂ ಮಾಡಿಕೊಡೋಣ ಎಂದು ನಾನೇ ಮುಂದಾಗಿ ಹೇಳಿದೆ. ತೀರ್ಥಹಳ್ಳಿಯ ಕಡೆ ಅವರು ಹುಟ್ಟಿ ಬೆಳೆದ ಹೆಂಚಿನ ಮನೆ ಈಗ ಇಲ್ಲ. ಅದರದ್ದೊಂದು ಕಪ್ಪುಬಿಳುಪಿನ ಫೋಟೋ ಮಾತ್ರ ಅತ್ತೆಯವರ ಟ್ರಂಕಿನಲ್ಲಿದೆ. ಅಂಗಳದಲ್ಲಿ ಮಾವನವರು ನಿಂತಿದ್ದಾರೆ, ಜಗಲಿಯಲ್ಲಿ ಅತ್ತೆ ಕುಳಿತಿದ್ದಾರೆ, ಎಡಗಡೆ ಕೊಟ್ಟಿಗೆ, ಅದರಾಚೆ ಅಡಿಕೆ ಮರ. ಫೋಟೋದ ಜೊತೆಯಲ್ಲೇ ಮಾವನವರ ಜಮಾಖರ್ಚಿನ ಪುಸ್ತಕವೂ ಸಿಕ್ಕಿತು. ಕೆಳಗೆ ಬಣ್ಣ, ಅದರ ಮೇಲೆ ಮನೆಯ ಚಿತ್ರ, ಮಾಡಿನ ಜಾಗದಲ್ಲಿ ನಿಜವಾದ ಅಡಿಕೆ ಹಾಳೆ, ಇವೆಲ್ಲದರ ನಡುವೆ ಮಾವನವರ ಕೈಬರಹ. ಮಿಶ್ರ ಮಾಧ್ಯಮವೆಂದರೆ ಇದೇ ತಾನೆ ಎಂದುಕೊಂಡೆ. 1912ರಲ್ಲಿ ಪಿಕಾಸೊ ತನ್ನ ಚಿತ್ರಕ್ಕೆ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನೇ ಅಂಟಿಸಿ, ಸುತ್ತಲೂ ಚೌಕಟ್ಟಿನ ಬದಲು ಹಗ್ಗ ಕಟ್ಟಿದ್ದನೆಂದು ನಮ್ಮವರಿಗೆ ವಿವರಿಸಿದಾಗ ಅವರು, "ಊಟ ಎಲ್ಲಿ ಮಾಡೋದು ಅಂತ ಅವನ ಮನೆಯಲ್ಲಿ ಯಾರೂ ಕೇಳಲಿಲ್ಲವೇನೇ?" ಎಂದರು.

ಆಕಾಶಕ್ಕೆ ಅರಿಶಿನವನ್ನೇ ಏಕೆ ಆರಿಸಿಕೊಂಡೆನೆಂದರೆ, ಮನೆಯ ನೆನಪಿನ ಚಿತ್ರದಲ್ಲಿ ಮನೆಯದೇ ಬಣ್ಣವಿರಲಿ ಎಂಬ ಭಾವುಕತೆ ಒಂದು, ಹಳದಿ ಆಕ್ರಿಲಿಕ್ ಟ್ಯೂಬು ಮೂರು ವರ್ಷದ ಹಿಂದೆಯೇ ಕಲ್ಲಾಗಿತ್ತು ಎಂಬ ವಾಸ್ತವ ಇನ್ನೊಂದು. ಅರಿಶಿನ ಮಾತ್ರ ಸೊಗಸಾಗಿ ಕೂತಿತು. ಸಂಜೆಯ ಬಿಸಿಲಿನಂಥ ಆ ಹಳದಿಯನ್ನು ನೋಡಿ ನನಗೇ ಹೆಮ್ಮೆಯಾಯಿತು. ಇನ್ನು ಅಲ್ಲಲ್ಲಿ ಬಿಳಿ ಮೋಡಗಳಿದ್ದರೆ ಚೆನ್ನ ಎನಿಸಿತು. ಬಿಳಿ ಟ್ಯೂಬು ಕೂಡ ಹಳದಿಯ ದಾರಿಯನ್ನೇ ಹಿಡಿದಿತ್ತು. ಅಷ್ಟರಲ್ಲಿ ಅತ್ತೆಯವರ ಎಲೆ ಅಡಿಕೆ ತಟ್ಟೆಯಲ್ಲಿದ್ದ ಸುಣ್ಣದ ಡಬ್ಬಿ ಕಣ್ಣಿಗೆ ಬಿತ್ತು. ಬೆಣ್ಣೆಯಂಥ ಸುಣ್ಣ, ಬಿಳಿಯೆಂದರೆ ಬಿಳಿ. ಅದಕ್ಕೆ ಸ್ವಲ್ಪ ಅಂಟು ಬೆರೆಸಿ, ಅಗಲವಾದ ಬ್ರಷ್ಷಿನಲ್ಲಿ ತೆಗೆದುಕೊಂಡು, ಒಂದು ದುಂಡನೆಯ ಮೋಡವನ್ನು ಉದಾರವಾಗಿಯೇ ಎಳೆದೆ.

ಏಳನ್ನು ಮೀರಿದರೆ ಕ್ಷಾರವೆಂದು ತೋರಿಸುವ ಪಿಎಚ್ ಮೌಲ್ಯ ತಿಳಿ ಸುಣ್ಣದ ನೀರಿಗೇ ಹನ್ನೆರಡನ್ನು ದಾಟುತ್ತದೆ. ಅರಿಶಿನ ಬಣ್ಣ ಬದಲಿಸಲು ಅಷ್ಟೆಲ್ಲ ಬೇಕಾಗಿಲ್ಲ. ನನ್ನ ಮೋಡ ಕಣ್ಣೆದುರಿಗೇ ಮೊದಲು ಕಿತ್ತಳೆಯಾಯಿತು, ಆಮೇಲೆ ಇಟ್ಟಿಗೆಯಾಯಿತು, ಕೊನೆಗೆ ರಕ್ತವಾಗಿ ಅಡಿಕೆ ಮರ ಬರಬೇಕಾದ ಜಾಗದತ್ತ ಹರಿಯತೊಡಗಿತು. ನಾನು ಬ್ರಷ್ಷು ಹಿಡಿದು ದಂಗಾಗಿ ನಿಂತಿದ್ದಾಗ, ಸುಣ್ಣ ಹುಡುಕಿಕೊಂಡು ಬಂದ ಅತ್ತೆ ಕನ್ನಡಕ ಏರಿಸಿ ನೋಡಿ, "ಗೃಹಪ್ರವೇಶಕ್ಕೆ ಇನ್ನೂ ಹದಿನೈದು ದಿನ ಇದೆಯಲ್ಲೇ, ಆರತಿಯ ಓಕುಳಿ ಈಗಲೇ ಯಾಕೆ ಕಲಸಿದೆ?" ಎಂದು ಕೇಳಿದರು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿಯಾಗುತ್ತದೆ ಎಂಬುದನ್ನು ಅವರು ಯಾವ ಪ್ರಯೋಗಾಲಯದಲ್ಲೂ ಕಲಿತವರಲ್ಲ. ನಾನಾದರೋ ಅದನ್ನು ಕಲಿಸಿಯೇ ಸಂಬಳ ಎಣಿಸುತ್ತಿರುವವಳು.

ಕ್ಷಾರಕ್ಕೆ ಆಮ್ಲವೇ ಮದ್ದು ಎಂಬುದು ಆ ಗಳಿಗೆಯಲ್ಲಾದರೂ ನೆನಪಾಯಿತು. ಓಡಿಹೋಗಿ ಎರಡು ನಿಂಬೆಹಣ್ಣನ್ನು ಹಿಂಡಿ, ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಗೆ ರಸ ತುಂಬಿ, ಆಕಾಶದ ಮೇಲೆ ಚಿಮುಕಿಸಿದೆ. ಕೆಂಪು ಹಿಂದೆ ಸರಿದು ಹಳದಿ ಮತ್ತೆ ಕಾಣಿಸಿಕೊಂಡಿತು. ಕಂಪ್ಯೂಟರಿನಲ್ಲಿ ತಪ್ಪಾದರೆ ಕಂಟ್ರೋಲ್ ಜೆಡ್ ಒತ್ತಿ ಹಿಂದಕ್ಕೆ ಹೋಗುವಂತೆ, ಅಡುಗೆಮನೆಯಲ್ಲಿಯೂ ಒಂದು ಗುಂಡಿಯಿದೆ, ಅದು ನಿಂಬೆಹಣ್ಣಿನ ರೂಪದಲ್ಲಿದೆ ಎಂದು ಅಂದುಕೊಂಡೆ. ಆದರೆ ಸುಣ್ಣ ದಪ್ಪಗೆ ಕೂತಿದ್ದ ಕಡೆ ರಸ ಇಳಿಯಲೇ ಇಲ್ಲ. ಅಲ್ಲೆಲ್ಲ ಕೆಂಪು ಹಾಗೆಯೇ ಉಳಿಯಿತು. ಅದನ್ನು ಸೂರ್ಯಾಸ್ತವೆಂದು ಕರೆದು ಕೈತೊಳೆದುಕೊಂಡೆ. ಚಿತ್ರಕಲೆಯಲ್ಲಿರುವ ಇಂಥ ಸೌಕರ್ಯ ರಸಾಯನಶಾಸ್ತ್ರದಲ್ಲಿಲ್ಲ.

ಮಾಡಿನ ಕಥೆ ಚಿಕ್ಕದು. ಅಡಿಕೆ ಹಾಳೆಯನ್ನು ನೆನೆಸಿ, ಮೆತ್ತಗಾದಾಗ ಕತ್ತರಿಸಿ, ಬಡಗಿಗಳು ಬಳಸುವ ಬಿಳಿ ಅಂಟು ಹಾಕಿ ಕೂರಿಸಿದೆ. ಒಣಗುವಾಗ ಹಾಳೆ ಮುದುರುತ್ತದೆ, ತಟ್ಟೆ ಮಾಡುವವರು ಅದನ್ನು ಬಿಸಿ ಅಚ್ಚಿನಲ್ಲಿ ಒತ್ತುವುದು ಆ ಕಾರಣಕ್ಕೇ ಎಂಬುದು ಮರುದಿನ ಬೆಳಿಗ್ಗೆ ಹೊಳೆಯಿತು; ಅಷ್ಟರೊಳಗೆ ಮನೆಯ ಮಾಡು, ಬಿರುಗಾಳಿ ಬೀಸಿದವರ ಮನೆಯಂತೆ, ಕಾಗದವನ್ನೂ ಎಳೆದುಕೊಂಡು ಎದ್ದು ನಿಂತಿತ್ತು. ಭಾರಕ್ಕೆಂದು ಇಡ್ಲಿ ಪಾತ್ರೆಯನ್ನು ನೀರು ತುಂಬಿ ಅದರ ಮೇಲೆ ಹೇರಿದೆ. ಮಾಡು ಕೂತಿತು. ಆದರೆ ಅಂಟು ಅಂಚಿನಿಂದ ಇಳಿದು, ಕೆಳಗೆ ಹಾಸಿದ್ದ ದಿನಪತ್ರಿಕೆಯನ್ನು ಚಿತ್ರದ ಬೆನ್ನಿಗೆ ಭದ್ರವಾಗಿ ಬೆಸೆಯಿತು. ತಿರುಗಿಸಿ ನೋಡಿದರೆ ಅದು ನಿಧನವಾರ್ತೆಯ ಪುಟ. ಗೃಹಪ್ರವೇಶದ ಉಡುಗೊರೆಯ ಹಿಂಬದಿಯಲ್ಲಿ ಹನ್ನೊಂದು ಮಂದಿಗೆ ಶ್ರದ್ಧಾಂಜಲಿ. ನಮ್ಮವರು ಬಗ್ಗಿ ನೋಡಿ, "ಪಿಕಾಸೊ ಮುಂದಕ್ಕೆ ಅಂಟಿಸಿದ್ದ, ನೀನು ಹಿಂದಕ್ಕೂ ಅಂಟಿಸಿದೆ" ಎಂದು ಹೇಳಿ ಆಫೀಸಿಗೆ ಹೋದರು. ಅದರ ಮೇಲೆ ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಎರಡು ಪದರವಾಗಿ ಅಂಟಿಸಿದೆ.

ಫೋಟೋವನ್ನು ಚಿತ್ರದ ಮೇಲೆ ಇಳಿಸುವ ಕ್ರಮ ಹೀಗಿದೆ: ಮುದ್ರಿಸಿದ ಪ್ರತಿಯನ್ನು ಆಕ್ರಿಲಿಕ್ ಮೀಡಿಯಂ ಎಂಬ ಅಂಟಿನಂಥ ದ್ರವ ಬಳಿದ ಜಾಗದ ಮೇಲೆ ಬೋರಲಾಗಿ ಹಾಕಿ, ಚೆನ್ನಾಗಿ ಒಣಗಿದ ಮೇಲೆ ನೀರು ಸವರಿ, ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಮಣ್ಣಿನಂತೆ ಉದುರಿ ಚಿತ್ರ ಮಾತ್ರ ಉಳಿಯುತ್ತದೆ. ಇದಕ್ಕೆ ಲೇಸರ್ ಪ್ರಿಂಟೇ ಆಗಬೇಕು. ಅದರ ಟೋನರು ಪ್ಲಾಸ್ಟಿಕ್ ಬೆರೆತ ಪುಡಿ, ನೀರಿಗೆ ಕರಗುವುದಿಲ್ಲ. ನಮ್ಮ ಮನೆಯ ಪ್ರಿಂಟರಿನ ಶಾಯಿಯಾದರೋ ನೀರು ಕಂಡರೆ ಸಾಕು, ಹರಿದು ಹೋಗುತ್ತದೆ. ಪುಣ್ಯಕ್ಕೆ ಪರೀಕ್ಷೆಗೆಂದು ಒಂದು ರಟ್ಟಿನ ಮೇಲೆ ಮಾಡಿ ನೋಡಿದ್ದೆ. ಮೂರು ಬಾರಿ ಉಜ್ಜುವಷ್ಟರಲ್ಲಿ ಮಾವನವರು ನೇರಳೆ ಬಣ್ಣದ ನೀರಾಗಿ ನನ್ನ ಅಂಗೈಗೆ ಇಳಿದಿದ್ದರು.

ಹಾಗಾಗಿ ಮೊದಲು ಕಂಪ್ಯೂಟರಿನಲ್ಲಿ ಫೋಟೋವನ್ನೂ ಜಮಾಖರ್ಚಿನ ಪುಟವನ್ನೂ ಬೆರೆಸಿ, ಅನಂತರ ಅಂಗಡಿಯಲ್ಲಿ ಲೇಸರ್ ಪ್ರಿಂಟು ತೆಗೆಸುವುದೆಂದು ತೀರ್ಮಾನಿಸಿದೆ. ಇಂಗ್ಲೆಂಡಿನಲ್ಲಿ ಆಸ್ಕರ್ ರೇಲಾಂಡರ್ ಎಂಬ ಛಾಯಾಗ್ರಾಹಕ 1857ರಲ್ಲಿಯೇ, ಕತ್ತಲೆ ಕೋಣೆಯಲ್ಲಿ ಕುಳಿತು, ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ್ದನಂತೆ. ನನಗೆ ಬೇಕಾದದ್ದು ಎರಡೇ ಎರಡು, ಜೊತೆಗೆ ಜಿಂಪ್ ಎಂಬ ಉಚಿತ ತಂತ್ರಾಂಶವೂ ಇತ್ತು. ಒಂದು ಲೇಯರಿನಲ್ಲಿ, ಅಂದರೆ ಪದರದಲ್ಲಿ, ಫೋಟೋ, ಅದರ ಮೇಲಿನ ಲೇಯರಿನಲ್ಲಿ ಲೆಕ್ಕದ ಪುಟ. ಬೆರೆಸುವ ವಿಧಾನಗಳ ಪಟ್ಟಿಯಲ್ಲಿ 'ಮಲ್ಟಿಪ್ಲೈ' ಎಂದಿದ್ದುದನ್ನು ಆರಿಸಿದೆ. ಗುಣಿಸಿದರೆ ಹೆಚ್ಚಾಗುತ್ತದೆ ಎಂದು ಮಗ್ಗಿ ಕಲಿತ ಕಾಲದಿಂದ ನಂಬಿದವರಿಗೆ ಇಲ್ಲೊಂದು ಆಘಾತ ಕಾದಿದೆ. ಪ್ರತಿ ಚುಕ್ಕೆಯ ಹೊಳಪನ್ನು ಸೊನ್ನೆಯಿಂದ 255ರವರೆಗೆ ಅಳೆಯುತ್ತಾರೆ. ಮೇಲಿನ ಚುಕ್ಕೆಯನ್ನು ಕೆಳಗಿನದರೊಂದಿಗೆ ಗುಣಿಸಿ 255ರಿಂದ ಭಾಗಿಸುತ್ತಾರೆ. ಬಿಳಿ ಕಾಗದವಾದರೆ ಕೆಳಗಿನದು ಇದ್ದಂತೆಯೇ ಕಾಣುತ್ತದೆ, ಆದರೆ 128ರ ಬೂದನ್ನು 128ರ ಬೂದಿನೊಂದಿಗೆ ಹೀಗೆ ಗುಣಿಸಿ ಭಾಗಿಸಿದರೆ ಉಳಿಯುವುದು 64. ಮಾವನವರ ಲೆಕ್ಕದ ಪುಟವೋ, ಅಡುಗೆಮನೆಯ ಅಟ್ಟದ ಹೊಗೆ ಕುಡಿದು ಕಂದು ತಿರುಗಿದ್ದು. ಒಂದೇ ಏಟಿಗೆ ಮನೆ, ಅಂಗಳ, ಕೊಟ್ಟಿಗೆ, ಅತ್ತೆ, ಮಾವ ಎಲ್ಲರಿಗೂ ಗ್ರಹಣ ಹಿಡಿಯಿತು. ಅದರ ವಿರುದ್ಧದ 'ಸ್ಕ್ರೀನ್' ಒತ್ತಿದೆ. ಎಲ್ಲರೂ ಮೈತುಂಬ ವಿಭೂತಿ ಬಳಿದುಕೊಂಡು ಪ್ರತ್ಯಕ್ಷರಾದರು. ಒಂದರಿಂದ ಇನ್ನೊಂದನ್ನು ಕಳೆಯುವ 'ಡಿಫರೆನ್ಸ್' ಒತ್ತಿದಾಗ ಅತ್ತೆಯವರ ಮುಖ ಕಂಡ ಬಗೆಯನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ.

ಕೊನೆಗೆ ಲೆಕ್ಕದ ಪುಟವನ್ನು ಮೊದಲು ಬೆಳ್ಳಗೆ ಮಾಡಿಕೊಂಡು, ಆಮೇಲೆ ಗುಣಿಸಬೇಕು ಎಂಬ ಗುಟ್ಟು ರಾತ್ರಿ ಹನ್ನೊಂದಕ್ಕೆ ತಿಳಿಯಿತು. ಅಕ್ಷರಗಳು ಗೋಡೆಯ ಮೇಲೆ, ಅಂಗಳದ ಮೇಲೆ ನೆರಳಿನಂತೆ ಹರಡಿಕೊಂಡವು. ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿಯೇ ಚಿತ್ರವನ್ನು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿದೆ. ಮುಚ್ಚುವಾಗ ತಂತ್ರಾಂಶ, ಲೇಯರುಗಳಿರುವ ಮೂಲ ಫೈಲನ್ನು ಉಳಿಸಿಲ್ಲವೆಂದು ಏನೋ ಎಚ್ಚರಿಕೆ ಕೊಟ್ಟಿತು, ಬ್ಯಾಂಕಿನ ಅರ್ಜಿಗಳ ಷರತ್ತುಗಳನ್ನು ಓದದೆಯೇ ಒಪ್ಪುವ ಅಭ್ಯಾಸಬಲದಿಂದ ಬೇಡವೆನ್ನುವ ಗುಂಡಿಯನ್ನು ಒತ್ತಿದೆ. ಬೆಳಿಗ್ಗೆ ನೋಡಿದರೆ 'ಸೀಮೆಎಣ್ಣೆ ಬಾಬ್ತು ಬಾಕಿ' ಎಂಬ ಸಾಲು ಸರಿಯಾಗಿ ಮಾವನವರ ಮೂಗಿನ ಕೆಳಗೆ ಕೂತು, ಬದುಕಿದ್ದಷ್ಟು ಕಾಲ ಮೀಸೆ ಬಿಡದ ಅವರಿಗೆ ದಟ್ಟವಾದ ಮೀಸೆಯನ್ನು ದಯಪಾಲಿಸಿತ್ತು. ಲೇಯರುಗಳಿದ್ದಿದ್ದರೆ ಪುಟವನ್ನು ಒಂದು ಕೂದಲೆಳೆ ಸರಿಸಿದರೆ ಸಾಕಾಗುತ್ತಿತ್ತು. ಅವೆಲ್ಲ ಜೆಪೆಗ್‌ನಲ್ಲಿ ಒಂದಾಗಿ, ದೋಸೆಯಾದ ಮೇಲೆ ಅಕ್ಕಿಯನ್ನೂ ಉದ್ದನ್ನೂ ಬೇರೆ ಮಾಡಲಾಗದಂತೆ ಆಗಿದ್ದವು. ಫೈಲು ಮುಚ್ಚಿದ ಮೇಲೆ ಕಂಟ್ರೋಲ್ ಜೆಡ್ ಕೂಡ ಕೈಚೆಲ್ಲುತ್ತದೆ. ಅಲ್ಲಿ ನಿಂಬೆಹಣ್ಣೂ ನಡೆಯುವುದಿಲ್ಲ.

ದಿನ ಉಳಿದಿರಲಿಲ್ಲವಾದ್ದರಿಂದ ಮೀಸೆಯ ಸಮೇತವೇ ಪ್ರಿಂಟು ತೆಗೆಸಿ, ಚಿತ್ರಕ್ಕೆ ಅಂಟಿಸಿ, ಒಂದು ಮಧ್ಯಾಹ್ನವೆಲ್ಲ ಬೆರಳ ತುದಿ ಸವೆಯುವಂತೆ ಉಜ್ಜಿದೆ. ಈ ಬಾರಿ ಮಾವನವರು ಕರಗಲಿಲ್ಲ. ಅಡಿಕೆ ಹಾಳೆಯ ಮಾಡಿನ ಕೆಳಗೆ ಮನೆ ತಾನಾಗಿ ಅರಳಿ ಬಂತು. ಬಂದದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬಂತು. ಬೋರಲಾಗಿ ಅಂಟಿಸಿದ ಮೇಲೆ ಎಡದ್ದು ಬಲಕ್ಕೆ ಹೋಗಲೇಬೇಕು. ಮುದ್ರಿಸುವ ಮೊದಲು ಚಿತ್ರವನ್ನು ತಿರುಗಿಸಿಕೊಳ್ಳಬೇಕಿತ್ತು. ನನ್ನ ಕಣ್ಣೆಲ್ಲ ಮೀಸೆಯ ಮೇಲಿದ್ದುದರಿಂದ ಕೊಟ್ಟಿಗೆಯ ಯೋಚನೆ ಬರಲಿಲ್ಲ.

ಗೃಹಪ್ರವೇಶದ ದಿನ ಚಿತ್ರದ ಮುಂದೆ ಸಣ್ಣ ಸಭೆಯೇ ನೆರೆಯಿತು. ನಾದಿನಿ ಬಹಳ ಹೊತ್ತು ನೋಡಿ, "ಕೊಟ್ಟಿಗೆ ಈಚೆ ಕಡೆಗೆ ಹೇಗೆ ಬಂತೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಯಜಮಾನರು, ಹೊಸ ಮನೆಯ ಬಾಗಿಲನ್ನೇ ಮೂರು ಸಲ ಸ್ಥಳ ಬದಲಿಸಿದವರು, ವಾಸ್ತುವಿನ ಪ್ರಕಾರ ಅದು ಮೊದಲೇ ಅಲ್ಲಿರಬೇಕಿತ್ತು, ಈಗ ದೋಷ ಪರಿಹಾರವಾಯಿತು ಎಂದು ತೀರ್ಪು ಕೊಟ್ಟರು. ಅತ್ತೆ ಮಾತ್ರ ಹತ್ತಿರ ಹೋಗಿ ಅಕ್ಷರಗಳನ್ನು ಓದಲು ನೋಡಿದರು. ಆಗದೆ, ನನ್ನತ್ತ ತಿರುಗಿ, "ನಿಮ್ಮ ಮಾವನ ಸಾಲವನ್ನು ಬಂದವರು ಓದದ ಹಾಗೆ ಬರೆದೆಯಲ್ಲ, ಅದೊಂದು ಒಳ್ಳೇದು ಮಾಡಿದೆ" ಎಂದರು. ಮೀಸೆಯ ವಿಚಾರ ಅವರು ಎತ್ತಲಿಲ್ಲ. ಆದರೆ ಊಟವಾದ ಮೇಲೆ ಎರಡು ಬಾರಿ ಬಂದು ನೋಡಿ ಹೋದದ್ದನ್ನು ನಾನು ಕಂಡೆ.

ಚಿತ್ರವನ್ನು ಅವರು ಪಶ್ಚಿಮದ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದಾರೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ ಎಂಬುದೂ ನಾನು ತರಗತಿಯಲ್ಲಿ ಹೇಳುವ ಮಾತೇ. ಆರು ತಿಂಗಳ ಮೇಲೆ ನಾದಿನಿ ಫೋನು ಮಾಡಿದರು. "ನಿನ್ನ ಆಕಾಶದಲ್ಲಿ ಹಳದಿಯೆಲ್ಲ ಹೋಗಿ ಬೆಳ್ಳಗೆ ಮೋಡ ಕವಿದಿದೆ ಕಣೇ, ಮೊದಲಿಗಿಂತ ಲಕ್ಷಣವಾಗಿದೆ. ಮಾಡಿನ ಹಾಳೆಯೊಂದು ಮತ್ತೆ ಎದ್ದಿದೆ. ಈ ಕಡೆ ಬರುವಾಗ ಸ್ವಲ್ಪ ಅಂಟು ತಗೊಂಡು ಬಾ," ಎಂದವರು ಒಂದು ಗಳಿಗೆ ತಡೆದು, "ಸುಣ್ಣ ಮಾತ್ರ ತರಬೇಡ, ಅಮ್ಮ ಎಲ್ಲಾ ಹೇಳಿದಾಳೆ" ಎಂದರು.