ಅಟಾರಿ ಪ್ಯಾಕ್‌ಮನ್ ಕೆಟ್ಟಿದ್ದು ಎಲ್ಲಿ?

ಮನೆಯ ಟಿವಿಗೆ ಹಾಕಿ ಆಡುವ ಅಟಾರಿ 2600 ಗೇಮ್ ಮಷಿನ್‌ನ ಪ್ಯಾಕ್‌ಮನ್ ಬಗ್ಗೆ ಮಾತು ಬಂದಾಗಲೆಲ್ಲ ಅದೇ ಹಳೇ ರಾಗ. (ಪ್ಯಾಕ್‌ಮನ್ ಅಂದರೆ ದೆವ್ವಗಳಿಂದ ತಪ್ಪಿಸಿಕೊಳ್ಳುತ್ತಾ ದಾರಿಯಲ್ಲಿರುವ ಚುಕ್ಕಿಗಳನ್ನೆಲ್ಲ ತಿನ್ನುವ ಆಟ.) ದೆವ್ವಗಳು ಮಿಣುಕುತ್ತಿದ್ದವು, ಬಣ್ಣ ಚೆನ್ನಾಗಿರಲಿಲ್ಲ, ಪಾಪ ಆ ಮಷಿನ್‌ಗೆ ಅಷ್ಟೇ ತಾಕತ್ತು. ಇಲ್ಲವೇ ತಪ್ಪೆಲ್ಲ ಪ್ರೋಗ್ರಾಮರ್ ಟಾಡ್ ಫ್ರೈ ತಲೆಗೆ. ಆಟ ಚೆನ್ನಾಗಿರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟಿದ್ದು ಎಲ್ಲಿ ಅಂತ ಕೇಳಿದರೆ ಜನ ತೋರಿಸುವ ಜಾಗವೇ ಬೇರೆ, ನಾನು ತೋರಿಸುವ ಜಾಗವೇ ಬೇರೆ.

ಮೊದಲು ಆ ಮಷಿನ್ ಎಂಥದ್ದು ಅಂತ ನೋಡೋಣ. 1977ರಲ್ಲಿ ಬಂದದ್ದು. ಆಡುವಾಗ ಲೆಕ್ಕ ಬರೆದಿಟ್ಟುಕೊಳ್ಳುವ ಜಾಗ, ಅಂದರೆ ರ‍್ಯಾಮ್ 128 ಬೈಟ್. ಕೆಬಿ (ಸಾವಿರ ಚಿಲ್ಲರೆ ಬೈಟ್) ಅಲ್ಲ, ಬರೀ ಬೈಟ್. ಈ ಪೋಸ್ಟಿನ ಮೊದಲ ವಾಕ್ಯ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಪರದೆಯ ಚಿತ್ರವನ್ನು ಒಂದು ಕಡೆ ಪೂರ್ತಿ ಬರೆದಿಟ್ಟುಕೊಳ್ಳಲು ಜಾಗವೇ ಇಲ್ಲ. ಟಿವಿಯ ಕಿರಣ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಬರುತ್ತಿರುವಾಗಲೇ ಯಾವ ಗೆರೆಯಲ್ಲಿ ಏನು ಬರಬೇಕು ಅಂತ ಪ್ರೋಗ್ರಾಮ್ ಹೇಳುತ್ತಾ ಹೋಗಬೇಕು. ಓಡಾಡುವ ಗೊಂಬೆಗಳು ಎರಡೇ ಎರಡು. ಜೊತೆಗೆ ಎರಡು ಗುಂಡು, ಒಂದು ಚೆಂಡು. ಚೆಂಡು ಹೊಡೆದಾಡುವ ಪಾಂಗ್, ಗುಂಡು ಹಾರಿಸುವ ಟ್ಯಾಂಕ್ ಥರದ ಆಟಗಳನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಚಿಪ್ ಅದು.

ಪ್ಯಾಕ್‌ಮನ್‌ಗೆ ಐದು ಗೊಂಬೆ ಬೇಕು. ಅವನೊಬ್ಬ, ದೆವ್ವಗಳು ನಾಲ್ಕು. ಫ್ರೈ ಏನು ಮಾಡಿದರು ಅಂದರೆ ಒಂದು ಫ್ರೇಮ್‌ಗೆ (ಪರದೆ ಒಮ್ಮೆ ಪೂರ್ತಿ ಬರೆದಾಗ ಬರುವ ಚಿತ್ರಕ್ಕೆ) ಒಂದೇ ದೆವ್ವ ತೋರಿಸಿದರು. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಫ್ರೇಮ್. ಹಾಗಾಗಿ ಒಂದೊಂದು ದೆವ್ವ ಕಣ್ಣಿಗೆ ಬೀಳುವುದು ಸೆಕೆಂಡಿಗೆ 15 ಸಲ. ಹಳೇ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಬೆಳಕು ಒಂದು ಕ್ಷಣ ಉಳಿಯುತ್ತಿದ್ದರಿಂದ ಹೇಗೋ ನಡೆಯುತ್ತಿತ್ತು. (ಈಗ ಯೂಟ್ಯೂಬ್‌ನಲ್ಲಿ 30 ಫ್ರೇಮ್‌ನ ವಿಡಿಯೋ ನೋಡಿ ತೀರ್ಪು ಕೊಡುವವರಿಗೆ ಒಂದು ಮಾತು: ಅದರಲ್ಲಿ ಅರ್ಧ ದೆವ್ವಗಳು ಕಾಣದೇ ಹೋಗಬಹುದು. ಅದಕ್ಕೂ ಫ್ರೈಯನ್ನೇ ಬೈಯಬೇಡಿ.)

ಹಾಗಿದ್ದರೆ ಮಷಿನ್ ದುರ್ಬಲ, ಅದಕ್ಕೇ ಆಟ ಕೆಟ್ಟಿತು ಅಂತ ಬಿಟ್ಟುಬಿಡಬಹುದಲ್ವಾ? ಆಗಲ್ಲ. 1980ರಲ್ಲಿ ಇದೇ ಮಷಿನ್‌ಗೆ ರಿಕ್ ಮೌರರ್ ಸ್ಪೇಸ್ ಇನ್‌ವೇಡರ್ಸ್ ಮಾಡಿದ್ದರು. ಆರ್ಕೇಡ್‌ನಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಮೂಲ ಮಷಿನ್‌ನಲ್ಲಿ, 55 ಶತ್ರುಗಳು. ಇದರಲ್ಲಿ 36. ಹತ್ತೊಂಬತ್ತು ಮಾಯ! ಯಾರೂ ಗಲಾಟೆ ಮಾಡಲಿಲ್ಲ. ಬದಲಿಗೆ ಆ ಆಟಕ್ಕೋಸ್ಕರವೇ ಜನ ಮಷಿನ್ ಕೊಂಡರು. ಯಾಕೆಂದರೆ ಶತ್ರುಗಳು ಕಡಿಮೆಯಾಗುತ್ತಾ ಹೋದಂತೆ ಉಳಿದವು ವೇಗವಾಗುವುದು, ಎದೆ ಬಡಿತದ ಥರದ ಆ ಸದ್ದೂ ವೇಗವಾಗುವುದು, ಎರಡೂ ಹಾಗೇ ಇದ್ದವು. ಮೌರರ್ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಅಂತ ಸರಿಯಾಗಿ ಆರಿಸಿದ್ದರು.

ಪ್ಯಾಕ್‌ಮನ್‌ನಲ್ಲಿ ಬಿಡಬಾರದ್ದು ಯಾವುದು? ನನ್ನ ಪ್ರಕಾರ ದೆವ್ವಗಳ ಸ್ವಭಾವ. ತೋರು ಇವಾಟಾನಿ 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಗೆ ಈ ಆಟ ಮಾಡಿದಾಗ ಒಂದೊಂದು ದೆವ್ವಕ್ಕೂ ಒಂದೊಂದು ಬುದ್ಧಿ ಕೊಟ್ಟಿದ್ದರು. ಕೆಂಪು ಬ್ಲಿಂಕಿ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿ ಪಿಂಕಿ ನೀವು ಹೋಗುವ ಕಡೆ ನಾಲ್ಕು ಮನೆ ಮುಂದೆ ಹೋಗಿ ಅಡ್ಡ ಹಾಕಲು ನೋಡುತ್ತದೆ. ಇಂಕಿಯ ಲೆಕ್ಕಾಚಾರದಲ್ಲಿ ಬ್ಲಿಂಕಿ ಎಲ್ಲಿದೆ ಅನ್ನುವುದೂ ಸೇರಿದೆ. ಕಿತ್ತಳೆ ಬಣ್ಣದ ಕ್ಲೈಡ್ ಜೋರಾಗಿ ಬರುತ್ತದೆ, ಹತ್ತಿರ ಬಂದ ಮೇಲೆ ಅದೇನೋ ಪುಕ್ಕಲುತನ, ತನ್ನ ಮೂಲೆಗೆ ವಾಪಸ್ಸು. ಬೀದಿಯಲ್ಲಿ ನಾಲ್ಕು ನಾಯಿಗಳಿದ್ದರೆ ಯಾವುದು ಬರೀ ಬೊಗಳುತ್ತದೆ, ಯಾವುದು ಹಿಂದಿನಿಂದ ಬಂದು ಕಚ್ಚುತ್ತದೆ ಅಂತ ತಿಳಿದುಕೊಂಡೇ ತಾನೆ ನಾವು ಓಡಾಡೋದು? ಪ್ಯಾಕ್‌ಮನ್ ಆಡುವುದು ಅಂದರೆ ಅದೇ. ಬಣ್ಣ ನೋಡಿ ಗುಣ ಹೇಳಬೇಕು.

ಅಟಾರಿಯ ಆಟದಲ್ಲಿ ಹೋದದ್ದು ಇದೇ. ಮಸುಕು ಬಣ್ಣದ, ಮಿಣುಕುವ ನಾಲ್ಕು ಆಕಾರಗಳು. ಯಾವುದು ಯಾವುದೋ ದೇವರೇ ಬಲ್ಲ. ಮಿಣುಕಿದ್ದು ಕಣ್ಣಿಗೆ ನೋವು, ಅಷ್ಟೇ. ಗುರುತು ಸಿಗದೇ ಹೋದದ್ದು ಆಟಕ್ಕೇ ಪೆಟ್ಟು. ಉಳಿದದ್ದನ್ನು ಬೇಕಾದರೆ ಕ್ಷಮಿಸಬಹುದು. ಗುಂಡನೆಯ ಚುಕ್ಕಿಗಳ ಬದಲು ಉದ್ದನೆಯ ಗೆರೆಗಳು ಬಂದವು, ಮ್ಯಾನ್ಯುಅಲ್‌ನಲ್ಲಿ ಅವಕ್ಕೆ ವಿಡಿಯೋ ವೇಫರ್ ಅಂತ ಹೆಸರು. ಚೆರಿ, ಸ್ಟ್ರಾಬೆರಿ ಹೋಗಿ ಒಂದು ಚೌಕ ಬಂತು, ಅದು ವಿಟಮಿನ್ ಅಂತೆ! ಪಕ್ಕದ ಸುರಂಗಗಳು ಮೇಲಕ್ಕೂ ಕೆಳಕ್ಕೂ ಹೋದವು. ಆದರೆ ಆರ್ಕೇಡ್‌ನ ಆ ಶುರುವಿನ ಸಂಗೀತವನ್ನು ಕೆಲವೇ ಸ್ವರಕ್ಕೆ ಇಳಿಸಿದ್ದನ್ನು ಮಾತ್ರ ನಾನು ಕ್ಷಮಿಸಲ್ಲ.

ಈಗ ದುಡ್ಡಿನ ವಿಷಯ. ಮಷಿನ್‌ಗೆ ಸಿಕ್ಕಿಸುವ ಆಟದ ಕ್ಯಾಸೆಟ್‌ನೊಳಗಿನ ಚಿಪ್‌ನಲ್ಲಿ ಜಾಗ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆರ್ಕೇಡ್ ಪ್ಯಾಕ್‌ಮನ್‌ನಲ್ಲಿ ಪ್ರೋಗ್ರಾಮ್ ಒಂದಕ್ಕೇ 16 ಕೆಬಿ ಇತ್ತು. ಅಟಾರಿಯದ್ದಕ್ಕೆ ಪ್ರೋಗ್ರಾಮ್, ಚಿತ್ರ, ಸದ್ದು ಎಲ್ಲ ಸೇರಿ 4 ಕೆಬಿ. ಬೇರೆ ದಾರಿ ಇರಲಿಲ್ಲ ಅನ್ನುವ ಹಾಗಿಲ್ಲ. 1981ರಲ್ಲೇ ಅದೇ ಕಂಪನಿ ಆಸ್ಟರಾಯ್ಡ್ಸ್ ಅನ್ನುವ ಆಟವನ್ನು 8 ಕೆಬಿ ಕ್ಯಾಸೆಟ್‌ನಲ್ಲಿ ತಂದಿತ್ತು. ಅಮೆರಿಕವೇ ಹುಚ್ಚೆದ್ದು ಆಡುತ್ತಿದ್ದ ಆಟ ಪ್ಯಾಕ್‌ಮನ್. ಇದಕ್ಕೆ ಆ 8 ಕೆಬಿ ಸಿಗಲಿಲ್ಲ. ಸಾಲದ್ದಕ್ಕೆ ಇಬ್ಬರು ಸರದಿಯಲ್ಲಿ ಆಡುವ ಸೌಲಭ್ಯ ಬೇರೆ. ಅಂದರೆ ಇಬ್ಬರೂ ಯಾವ್ಯಾವ ಚುಕ್ಕಿ ತಿಂದಿದ್ದಾರೆ ಅನ್ನುವ ಲೆಕ್ಕ ಅದೇ 128 ಬೈಟಿನಲ್ಲಿ ಕೂರಬೇಕು.

1982ರ ಮಾರ್ಚ್‌ನಲ್ಲಿ ಆಟ ಬಂತು. 70 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಆ ಮಷಿನ್‌ನ ಆಟಗಳಲ್ಲೇ ಅತಿ ಹೆಚ್ಚು. ಆದರೂ ಗೋದಾಮಿನಲ್ಲಿ ರಾಶಿ ಉಳಿಯಿತು. 1983ರಲ್ಲಿ ನ್ಯೂ ಮೆಕ್ಸಿಕೋದ ಆಲಮಗಾರ್ಡೊದಲ್ಲಿ ಮಾರಾಟವಾಗದ ಕ್ಯಾಸೆಟ್‌ಗಳನ್ನು ಅಟಾರಿ ಮಣ್ಣಲ್ಲಿ ಹೂತ ಕಥೆಯೂ ಇದೆ, ಇಲ್ಲಿ ಬೇಡ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಇದರ ನಂತರ ಬಂದ ಮಿಸ್ ಪ್ಯಾಕ್‌ಮನ್. ಅದೇ ಮಷಿನ್, ಅದೇ 128 ಬೈಟ್, ಅವೇ ಎರಡು ಗೊಂಬೆ. ಆದರೆ ಕ್ಯಾಸೆಟ್ 8 ಕೆಬಿ. ಜನರಲ್ ಕಂಪ್ಯೂಟರ್ ಕಾರ್ಪೊರೇಷನ್‌ನವರು ಮಾಡಿದ್ದು. ದೆವ್ವಗಳು ಬೇರೆ ಬೇರೆ ಎತ್ತರದಲ್ಲಿದ್ದರೆ ಒಂದೇ ಗೊಂಬೆಯನ್ನು ಮೇಲೊಮ್ಮೆ ಕೆಳಗೊಮ್ಮೆ ಬಳಸಿಕೊಳ್ಳಬಹುದು. ಒಂದೇ ಸಾಲಿಗೆ ಬಂದಾಗ ಮಾತ್ರ ಮಿಣುಕಿದರೆ ಸಾಕು. ದೆವ್ವಗಳಿಗೆ ಬಣ್ಣ ಬಂತು, ಗುರುತು ಬಂತು. ಈಗಲೂ ಕೂತು ಆಡಿದರೆ ಬೇಜಾರಾಗಲ್ಲ.

ನಮ್ಮಲ್ಲಿ 90ರ ದಶಕದಲ್ಲಿ ಟಿವಿ ಗೇಮ್ ಅಂತ ಹಳದಿ ಕ್ಯಾಸೆಟ್ ಹಾಕಿ ಆಡಿದವರಿಗೆ ಈ ಜಗಳವೆಲ್ಲ ವಿಚಿತ್ರ ಅನ್ನಿಸಬಹುದು. ನಾವು ಆಡಿದ್ದು ಹೆಚ್ಚಾಗಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಗೇಮ್ ಮಷಿನ್‌ನ ನಕಲುಗಳಲ್ಲಿ. ಅದರಲ್ಲಿದ್ದ ಪ್ಯಾಕ್‌ಮನ್ 1984ರಲ್ಲಿ ನಾಮ್ಕೊದವರೇ ಮಾಡಿದ್ದು. ಆ ಮಷಿನ್‌ಗೆ 64 ಗೊಂಬೆ, 2 ಕೆಬಿ ರ‍್ಯಾಮ್. ಶ್ರೀಮಂತರ ಮನೆ ಅದು! ದೆವ್ವಗಳ ಬಣ್ಣ ಸರಿಯಾಗಿತ್ತು, ಸಂಗೀತವೂ ಇತ್ತು. ಪುಕ್ಕಟೆಯಾಗಿ ಒಳ್ಳೆಯದನ್ನೇ ಆಡಿ ಬೆಳೆದೆವು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಹವ್ಯಾಸಿ ಪ್ರೋಗ್ರಾಮರ್‌ಗಳು ಆಮೇಲೆ 2600ಕ್ಕೆ ಅದೇ 4 ಕೆಬಿಯಲ್ಲೇ ಫ್ರೈ ಮಾಡಿದ್ದಕ್ಕಿಂತ ಎಷ್ಟೋ ಚೆಂದದ ಪ್ಯಾಕ್‌ಮನ್ ಮಾಡಿ ತೋರಿಸಿದ್ದಾರೆ. ಅದನ್ನು ಹಿಡಿದುಕೊಂಡು ಫ್ರೈಗೆ ಬೈಯುವವರೂ ಇದ್ದಾರೆ. ಆ ಹವ್ಯಾಸಿಗಳಿಗೆ ಎಮ್ಯುಲೇಟರ್ (ಹಳೇ ಮಷಿನ್ ಥರವೇ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್) ಇದೆ, ದಶಕಗಳ ಅನುಭವ ಇದೆ, ತಲೆ ಮೇಲೆ ಮಾರಾಟದ ತಾರೀಖು ಇಲ್ಲ. ಫ್ರೈಗೆ ಇದ್ಯಾವುದೂ ಇರಲಿಲ್ಲ. ಬೈಯಲೇಬೇಕು ಅಂತಿದ್ದರೆ 4 ಕೆಬಿ ಸಾಕು ಅಂತ ಲೆಕ್ಕ ಹಾಕಿದ ಮೀಟಿಂಗನ್ನು ಬೈಯಿರಿ.