ಆ ಹೂವು ಬಿಸಿಲು ಕಾಯಿಸುವುದು ಹೊಟ್ಟೆಪಾಡಿಗಲ್ಲ
ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಚಳಿನಾಡಿನ ಪುಟ್ಟ ಗಿಡ ಡ್ರೈಯಾಸ್ ಬಗ್ಗೆ ನಿಮ್ಮ ಲೇಖನ ಓದಿದೆ. ಅದರ ಹೂವು ‘ಸೂರ್ಯಕಾಂತಿಯಂತೆ ಸೂರ್ಯನತ್ತ ತಿರುಗಿ ಆಹಾರ ತಯಾರಿಸಿಕೊಳ್ಳುತ್ತದೆ’ ಎಂದು ಬರೆದಿದ್ದೀರಿ. ತಿರುಗುವುದು ನಿಜ, ಆಹಾರದ ಮಾತು ಒಪ್ಪಲಾರೆ. ಆಹಾರ ತಯಾರಿಸುವುದು ನೆಲಕ್ಕಂಟಿದ ಆ ಪುಟ್ಟ ತೊಗಲಿನಂಥ ಎಲೆಗಳ ಕೆಲಸ, ಬಿಳಿ ದಳಗಳದ್ದಲ್ಲ. ಬಟ್ಟಲಿನಂತೆ ಬಾಗಿದ ದಳಗಳು ಬಿಸಿಲನ್ನು ಹೂವಿನ ನಡುವಿಗೆ ಕೂಡಿಹಾಕುತ್ತವೆ. ಒಳಗೆ ಸುತ್ತಲ ಗಾಳಿಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಚಳಿಗೆ ಮರಗಟ್ಟಿದ ನೊಣಗಳು ಅಲ್ಲಿ ಕೂತು ಮೈ ಕಾಯಿಸಿಕೊಳ್ಳುತ್ತವೆ, ಪರಾಗದ ಕೆಲಸವೂ ಆಗುತ್ತದೆ. ಆರ್ಕ್ಟಿಕ್‌ನ ಗಿಡ್ಡ ಬೇಸಿಗೆಯಲ್ಲಿ ಬೀಜ ಬಲಿಯಲು ಆ ಶಾಖ ನೆರವಾಗುತ್ತದೆ. ಸೂರ್ಯಕಾಂತಿಯಾದರೋ ಪೂರ್ತಿ ಅರಳಿದ ಮೇಲೆ ತಿರುಗುವುದೇ ಇಲ್ಲ, ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಹೊಲ ನೋಡಿದವರಿಗೆ ಇದು ಗೊತ್ತು.

ಇಂಥ ಗಿಡವನ್ನು ‘ಐಸ್‌ಲ್ಯಾಂಡಿನ ರಾಷ್ಟ್ರೀಯ ಹೂವು’ ಎಂದಷ್ಟೇ ಹೇಳಿ ಮುಗಿಸಿದ್ದು ಬೇಸರ. ಸುಮಾರು 12,900 ವರ್ಷಗಳ ಹಿಂದೆ ಉತ್ತರ ಗೋಳಾರ್ಧ ಮತ್ತೆ ಥಟ್ಟನೆ ತಣ್ಣಗಾಯಿತಲ್ಲ, ಆ ಕಾಲಕ್ಕೆ ‘ಯಂಗರ್ ಡ್ರೈಯಾಸ್’ ಎಂಬ ಹೆಸರು ಬಂದದ್ದು ಸ್ಕ್ಯಾಂಡಿನೇವಿಯಾದ ಕೆರೆಗಳ ಹೂಳಿನಲ್ಲಿ ಸಿಕ್ಕ ಇದರ ಎಲೆಗಳಿಂದಲೇ. ಗೇಣುದ್ದವೂ ಬೆಳೆಯದ ಗಿಡಕ್ಕೆ ಸಿಕ್ಕ ಮರ್ಯಾದೆ!

ಅಂದಹಾಗೆ, ‘ಯಾವಾಗಲೂ ಎಂಟೇ ದಳ’ ಎಂಬುದೂ ಸರಿಯಲ್ಲ. ಗಿಡಗಳಿಗೆ ವೈಜ್ಞಾನಿಕ ಹೆಸರು ಕೊಟ್ಟ ಸ್ವೀಡನ್ನಿನ ವಿಜ್ಞಾನಿ ಲಿನಿಯಸ್ ಇದಕ್ಕೆ ಎಂಟು ದಳದ್ದು ಎಂಬರ್ಥದ ಹೆಸರನ್ನೇ ಇಟ್ಟ, ನಿಜ. ಆದರೆ ನೀವೇ ಹಾಕಿದ ಫೋಟೋದಲ್ಲಿ ಒಂಬತ್ತಿವೆ, ಎಣಿಸಿದೆ.