ಮದ್ದೂರಿನವರು ಬರುವ ತನಕ ಎಲ್ಲವೂ ಚೆನ್ನಾಗಿತ್ತು

ಮೈಸೂರಲ್ಲಿ ಚಿತ್ರ ಬಿಡಿಸುವುದು ಸುಲಭ. ಬಿಡಿಸಿದ ಚಿತ್ರ ಹೇಗಿದೆ ಅಂತ ತಿಳಿದುಕೊಳ್ಳುವುದೇ ಕಷ್ಟ. ಇಲ್ಲಿನ ಜನಕ್ಕೆ ಇನ್ನೊಬ್ಬರ ಮನಸ್ಸು ನೋಯಿಸಿ ಅಭ್ಯಾಸವಿಲ್ಲ. ತಣ್ಣಗಾದ ಕಾಫಿ ಕೊಟ್ಟರೂ "ಹದವಾಗಿದೆ" ಅಂತ ಕುಡಿದು ಲೋಟ ಇಡುವವರು ನಾವು.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುವ ನಮ್ಮ ಗುಂಪಿನ ಕತೆಯೂ ಅದೇ. ಯಾರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಹಲ್ಲಿನ ಡಾಕ್ಟರಮ್ಮ, ಪಿಯುಸಿ ಓದುವ ಹುಡುಗ, ನಾನು, ಇನ್ನು ಕೆಲವರು. ಚಿತ್ರಗಳನ್ನು ಬೆಂಚಿಗೆ ಒರಗಿಸಿ ಇಡಬೇಕು. ಉಳಿದವರು ಮಾತಾಡುವಾಗ ಬಿಡಿಸಿದವರು ತುಟಿ ಬಿಚ್ಚಬಾರದು ಅನ್ನೋದು ನಿಯಮ. ಬಿಚ್ಚುವ ಅಗತ್ಯವೂ ಬೀಳುತ್ತಿರಲಿಲ್ಲ. "ಆಕಾಶ ತುಂಬ ಚೆನ್ನಾಗಿ ಬಂದಿದೆ" ಅನ್ನುತ್ತಿದ್ದರು. ಆಕಾಶಕ್ಕೆ ಇನ್ನೂ ಬಣ್ಣವೇ ಹಾಕಿರುತ್ತಿರಲಿಲ್ಲ.

ಆಮೇಲೆ ಮದ್ದೂರು ಕಡೆಯ ಒಬ್ಬರು ರೈಲು ಹತ್ತಿ ಬರತೊಡಗಿದರು. ಕಬ್ಬು ಬೆಳೆಯುವವರು. ಚಿತ್ರದ ಹುಚ್ಚು ಚಿಕ್ಕಂದಿನಿಂದ ಇದೆಯಂತೆ. ಮೊದಲ ದಿನ ಅವರ ಎದುರಿಗೆ ಸಿಕ್ಕಿದ್ದು ರಾಯರ ಹೆಜ್ಜಾರ್ಲೆ. ಕುಕ್ಕರಹಳ್ಳಿಗೆ ಬರುವ ಈ ದೊಡ್ಡ ಕೊಕ್ಕಿನ ಹಕ್ಕಿಯನ್ನು ರಾಯರು ತಿಂಗಳುಗಟ್ಟಲೆ ಬಿಡಿಸುತ್ತಿದ್ದರು. ನಾವೆಲ್ಲ ತಿಂಗಳುಗಟ್ಟಲೆ ಮೆಚ್ಚುತ್ತಿದ್ದೆವು. ಮದ್ದೂರಿನವರು ಬಗ್ಗಿ ನೋಡಿದರು. ಅವರ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಅವರಿಗೆ ಆ ಹಕ್ಕಿ ನೆಂಟರ ಪೈಕಿ.

"ಏನ್ ಸಿವಾ ಇದು, ಎಮ್ಮೆನಾ? ಇದು ಕೂತ್ರೆ ನಮ್ಮೂರ್ ಕಡೆ ಮರ ಮುರ್ಕಂಡ್ ಬೀಳ್ತದೆ."

ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದವರೂ ನಿಂತರು. ರಾಯರು ನಿಯಮದ ಪ್ರಕಾರ ತುಟಿ ಬಿಚ್ಚಲಿಲ್ಲ, ಆದರೆ ಅದು ನಡುಗುತ್ತಿತ್ತು.

ಮುಂದಿನ ವಾರ ರಾಯರು ಹಕ್ಕಿಯ ಎಮ್ಮೆ ಕಾಲು ಸರಿಮಾಡಿಕೊಂಡು ಬರುತ್ತಾರೆ ಅಂದುಕೊಂಡೆವು. ಅವರು ಶೈಲಿಯನ್ನೇ ಬದಲಾಯಿಸಿಕೊಂಡು ಬಂದರು! ಕಾಗದ ಪೂರ್ತಿ ಒದ್ದೆ ಮಾಡಿ ಅದರ ಮೇಲೆ ಒದ್ದೆ ಬಣ್ಣ ಬಿಟ್ಟಿದ್ದರು. ಹಕ್ಕಿ ಕೆರೆಯಲ್ಲಿ ಕರಗಿ, ಕೆರೆ ಆಕಾಶದಲ್ಲಿ ಕರಗಿ, ಕಾಲಿನ ಪ್ರಶ್ನೆಯೇ ಉಳಿದಿರಲಿಲ್ಲ. "ಇದು ಇಂಪ್ರೆಷನಿಸಂ" ಅಂದರು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೋನೆ ಎಂಬ ಕಲಾವಿದನ 'ಇಂಪ್ರೆಷನ್, ಸೂರ್ಯೋದಯ' ಅನ್ನುವ ಚಿತ್ರ ನೋಡಿ ಲೂಯಿ ಲೆರಾಯ್ ಎಂಬ ವಿಮರ್ಶಕ, ಅರ್ಧಂಬರ್ಧ ವಾಲ್‌ಪೇಪರ್ ಕೂಡ ಇದಕ್ಕಿಂತ ಪೂರ್ತಿಯಾಗಿರುತ್ತದೆ ಅಂತ ಅಣಕಿಸಿದ್ದ. ಅವನ ಅಣಕವೇ ಆ ಪಂಥದ ಹೆಸರಾಗಿ ನಿಂತಿತು. ಇದನ್ನು ರಾಯರು ಎಲ್ಲಿಯೋ ಓದಿಕೊಂಡು ಬಂದಿದ್ದರು. ಆವತ್ತಿನಿಂದ ಬೈಸಿಕೊಂಡವರೆಲ್ಲ ಮೋನೆಯ ಕಡೆಯವರಾದರು.

ಬೈಸಿಕೊಳ್ಳೋದು, ಶೈಲಿ ಬದಲಾಯಿಸೋದು. ಗುಂಪಿನಲ್ಲಿ ಇದೇ ಪದ್ಧತಿ ಬೆಳೆಯಿತು. ಕೈ ಎಡವಟ್ಟಾಗಿದ್ದರೆ ತಿದ್ದುವುದಕ್ಕೆ ವರ್ಷ ಬೇಕು. ಹೊಸ ಶೈಲಿಗೆ ಒಂದು ವಾರ ಸಾಕು, ಅಲ್ವಾ?

ಪಿಯುಸಿ ಹುಡುಗನಿಗೆ "ಗೋಪುರ ವಾಲ್ಕಂಡದೆ" ಅಂದರು. ಅವನು ಸೀದಾ ಚುಕ್ಕಿ ಚಿತ್ರಕ್ಕೆ ಹಾರಿದ. ಜಾರ್ಜ್ ಸ್ಯೂರಾ ಅನ್ನುವ ಫ್ರೆಂಚ್ ಕಲಾವಿದ ಚುಕ್ಕಿಗಳಿಂದಲೇ ಕಟ್ಟಿದ ಭಾನುವಾರದ ಚಿತ್ರ ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಅದಕ್ಕೆ ಅವನು 1884ರಿಂದ 1886ರವರೆಗೆ ಕೂತಿದ್ದ. ನಮ್ಮ ಹುಡುಗ ಭಾನುವಾರ ಸಂಜೆ ಅರಮನೆ ಮುಂದೆ ಕೂತ. ಅಲ್ಲಿ ಉರಿಯುವ ಬಲ್ಬು ಸುಮಾರು ಒಂದು ಲಕ್ಷ, ಉರಿಯುವುದು ಸ್ವಲ್ಪ ಹೊತ್ತು. ಎಡಗಡೆಯ ಗುಮ್ಮಟ ಮುಗಿಯುವಷ್ಟರಲ್ಲಿ ದೀಪ ಆರಿಸಿಬಿಟ್ಟರು. ಕತ್ತಲಲ್ಲಿ ಅಂದಾಜಿನ ಮೇಲೆ ಇಟ್ಟ ಚುಕ್ಕಿಗಳು ಅವನ ಪ್ಯಾಂಟಿನ ಮೇಲೂ ಸಿಕ್ಕವು. ಬೆಳಿಗ್ಗೆ ನೋಡಿದ ಮೈಸೂರಿನವರು ಮಾತ್ರ ಸೋಲಲಿಲ್ಲ. "ಲೋಡ್ ಶೆಡ್ಡಿಂಗ್ ಎಷ್ಟು ಸಹಜವಾಗಿ ಬಂದಿದೆ!"

ಡಾಕ್ಟರಮ್ಮನದು ದೊಡ್ಡ ಸಾಹಸ. ಅವರು ಮೈಸೂರು ಸಾಂಪ್ರದಾಯಿಕ ಶೈಲಿಗೇ ಕೈ ಹಾಕಿದರು. ಇದರಲ್ಲಿ ಕಿರೀಟ, ಒಡವೆ, ಸೀರೆಯ ಅಂಚು ಎಲ್ಲ ಸ್ವಲ್ಪ ಉಬ್ಬಿರಬೇಕು, ಅದರ ಮೇಲೆ ಚಿನ್ನದ ರೇಕು ಅಂಟಿಸಬೇಕು. ಉಬ್ಬಿಗೆ ಹಾಕುವ ಹಿಟ್ಟನ್ನು ಹಿಂದೆ ಸೀಸದ ಬಿಳಿ ಪುಡಿ, ರೇವಣಚಿನ್ನಿ ಅನ್ನುವ ಹಳದಿ ರಾಳ, ಅಂಟು ಸೇರಿಸಿ ಕಲಸುತ್ತಿದ್ದರು. ಸೀಸ ವಿಷ ಅಂತ ಡಾಕ್ಟರಮ್ಮ ಚಾಕ್ ಪುಡಿ ತಂದರು. ಕುಂಚ ಬಿಟ್ಟು ಹುಳುಕು ಹಲ್ಲು ತುಂಬುವ ಸಲಾಕೆಯಲ್ಲೇ ಕೆಲಸ ಶುರು ಮಾಡಿದರು. ಅವರ ಕೈಗೆ ಇರುವುದು ತಗ್ಗು ತುಂಬಿಸುವ ಅಭ್ಯಾಸ. ಲಕ್ಷ್ಮಿಯ ಡಾಬು ಬೆರಳು ದಪ್ಪ ಆಯಿತು. ತಂಜಾವೂರು ಚಿತ್ರದಲ್ಲಿ ಉಬ್ಬು ಜಾಸ್ತಿ, ಮೈಸೂರಿನದರಲ್ಲಿ ನವಿರು. ಎರಡನ್ನೂ ಗುರುತಿಸುವುದೇ ಅದರಿಂದ. ಮದ್ದೂರಿನವರು ಡಾಬನ್ನು ಮುಟ್ಟಿ ನೋಡಿ, "ಡಾಕ್ಟ್ರೇ, ಇದು ಮೈಸೂರಲ್ಲ. ತಂಜಾವೂರೂ ದಾಟಿ ರಾಮೇಸ್ವರದ ತಾವ ನಿಂತದೆ" ಅಂದರು.

ಚಿನ್ನದ ದಿನ ಇನ್ನೂ ಚೆನ್ನಾಗಿತ್ತು. ರೇಕು ಎಷ್ಟು ತೆಳುವೆಂದರೆ ಉಸಿರು ಬಿಟ್ಟರೆ ಎದ್ದು ಹೋಗುತ್ತದೆ. ಫ್ಯಾನ್ ಹಾಕುವಂತಿಲ್ಲ. ಭಾನುವಾರ ಮಧ್ಯಾಹ್ನ, ಮುಚ್ಚಿದ ಕ್ಲಿನಿಕ್ಕಿನಲ್ಲಿ ಉಸಿರು ಬಿಗಿಹಿಡಿದು ಕಿರೀಟಕ್ಕೆ ರೇಕು ಇಳಿಸುತ್ತಿದ್ದರು. ನೋಡಲು ಬಂದಿದ್ದ ರಾಯರು ರೋಗಿಯ ಕುರ್ಚಿಯಲ್ಲಿ ಒರಗಿದ್ದರು. ಹೋಗಿದ್ದ ಕರೆಂಟು ಬಂತು. ಮೇಲಿನ ಫ್ಯಾನಿನ ಸ್ವಿಚ್ ಆರಿಸಿರಲಿಲ್ಲ. ಲಕ್ಷ್ಮಿ ಚಂಚಲೆ ಅನ್ನೋದನ್ನು ಕಣ್ಣಾರೆ ನೋಡಿದೆವು. ಅರ್ಧ ರೇಕು ಬಾಯಿ ಮುಕ್ಕಳಿಸುವ ತೊಟ್ಟಿಗೆ ಹೋಯಿತು, ಉಳಿದರ್ಧ ರಾಯರ ಮೀಸೆಗೆ. ಸೋಪು ಹಾಕಿ ಉಜ್ಜಿದರೂ ಮುಂದಿನ ವಾರದ ತನಕ ಮಿನುಗುತ್ತಿತ್ತು. ಮದ್ದೂರಿನವರು ಚಿತ್ರ ನೋಡಿದರು, ರಾಯರನ್ನು ನೋಡಿದರು. "ಮೀಸೆನೇ ಚೆಂದಾಗದೆ" ಅಂದರು. ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು.

ಇನ್ನು ನನ್ನದು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರ ಎಲ್ಲರೂ ನೋಡಿರುತ್ತೀರಿ. ರವಿವರ್ಮನದು ಅಂತ ಬಹಳ ಜನ ಹೇಳುತ್ತಾರೆ. ಅಲ್ಲ, ಎಸ್. ಎಲ್. ಹಲ್ದಣಕರ್ ಅವರದು, 1945-46ರ ಕಾಲದ್ದು, ರೂಪದರ್ಶಿ ಅವರ ಮಗಳೇ. ಬೆರಳ ಸಂದಿಯಿಂದ ಬೆಳಕು ಸೋರುವ ಆ ಚಿತ್ರ ಜಲವರ್ಣದ್ದು ಅಂದರೆ ನಂಬಲಾಗುವುದಿಲ್ಲ. ಜಲವರ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ, ಕಾಗದದ ಬಿಳುಪನ್ನೇ ಮೊದಲಿನಿಂದ ಕಾಪಾಡಿಕೊಂಡು ಬರಬೇಕು. ನಾನು ಹೆಂಡತಿಯ ಕೈಗೆ ದೀಪ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿದೆ. ಹಲ್ದಣಕರ್ ಅವರ ಮಗಳು ಎಷ್ಟು ಹೊತ್ತು ನಿಂತಿದ್ದರೋ, ಇವಳು ಕುಕ್ಕರ್ ಎರಡನೇ ಕೂಗು ಹಾಕುವ ತನಕ ನಿಂತಳು. ಬಣ್ಣ ಒಣಗಲಿ ಅಂತ ಬಿಟ್ಟೆ. ಜೇನು ಸೇರಿಸಿದ ಬಣ್ಣ ತುಂಬ ಹೊಳೆಯುತ್ತದೆ ಅಂತ ದುಬಾರಿ ಟ್ಯೂಬು ತಂದಿದ್ದೆ. ಬೆಳಿಗ್ಗೆ ಅದರ ಸುತ್ತ ಇರುವೆ ಸಾಲು. ಮೂಗಿನ ನೆರಳು ತಿಂದು ಮುಗಿಸಿ ಕೆನ್ನೆಗೆ ಬಂದಿದ್ದವು.

"ಕಳ್ಳ ಟಾರ್ಚ್ ಹಿಡ್ಕಂಡಂಗದೆ" ಅಂದರು ಮದ್ದೂರಿನವರು. ಮನೆಗೆ ಬಂದು ಹೇಳಿದೆ. ಅವರನ್ನು ಊಟಕ್ಕೆ ಕರೆಯಬೇಕು ಅಂತ ಹೆಂಡತಿ ಹಟ ಹಿಡಿದಳು.

ಹೀಗಿರುವಾಗ ಮದ್ದೂರಿನವರು ತಮ್ಮದೇ ಚಿತ್ರ ತರುತ್ತೇನೆ ಅಂದರು. ಎಲ್ಲರೂ ಟೈಮಿಗೆ ಮುಂಚೆಯೇ ಬಂದು ಕೂತಿದ್ದೆವು. ಸುಳ್ಳು ಯಾಕೆ, ಹಲ್ಲು ಮಸೆದುಕೊಂಡೇ ಕೂತಿದ್ದೆವು. ಇದ್ದಿಲಿನಲ್ಲಿ ಬಿಡಿಸಿದ ವಿಶ್ವೇಶ್ವರಯ್ಯ ನಾಲೆಯ ದಂಡೆ, ಎತ್ತಿನಗಾಡಿ, ಕಬ್ಬಿನ ಹೊರೆ. ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಭಾನುವಾರದ ರೈಲಿನ ನೂಕುನುಗ್ಗಲಿನಲ್ಲಿ ನಿಂತೇ ಬಂದಿದ್ದರು. ಇದ್ದಿಲು ಕಾಗದದ ಮೇಲೆ ಸುಮ್ನೆ ಕೂತಿರುತ್ತದೆ, ಫಿಕ್ಸೆಟಿವ್ ಅನ್ನುವ ಅಂಟು ದ್ರವ ಹೊಡೆಯದಿದ್ದರೆ ತಾಗಿದ ಕಡೆಗೆಲ್ಲ ಹೋಗುತ್ತದೆ. ಸುರುಳಿ ಬಿಚ್ಚಿದರೆ ಕಾಗದದ ತುಂಬ ಬೂದು. ಒಂದು ಕಡೆ ಎರಡು ಕೊಂಬು ಕಾಣುತ್ತಿತ್ತು.

ನಾವು ಎಷ್ಟಾದರೂ ಮೈಸೂರಿನವರು.

"ಮಂಜು ಅದ್ಭುತ" ಅಂದರು ರಾಯರು. "ಎತ್ತು ಇದ್ದೂ ಇಲ್ಲದ ಹಾಗಿದೆ. ಧೈರ್ಯ ಬೇಕು ಇದಕ್ಕೆ" ಅಂದರು ಡಾಕ್ಟರಮ್ಮ. ಹುಡುಗ ಫೋಟೊ ತೆಗೆದುಕೊಂಡ.

"ಅಯ್ಯೋ, ಮಂಜಲ್ಲ ಕಣ್ರೀ, ರೈಲಲ್ಲಿ ಒರ್ಸೋಗದೆ!" ನಿಯಮ ಮುರಿದು ಕೂಗಿಕೊಂಡರು ಮದ್ದೂರಿನವರು. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾವ ರೈಲು, ಎಷ್ಟು ಗಂಟೆಯದು ಅಂತ ರಾಯರು ಬರೆದುಕೊಳ್ಳುತ್ತಿದ್ದರು.

ಮುಂದಿನ ಶನಿವಾರ ರಾಯರು ಇದ್ದಿಲಿನ ಹೆಜ್ಜಾರ್ಲೆ ಸುತ್ತಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರು. ಸೀಟು ಸಿಕ್ಕಿಬಿಟ್ಟಿತಂತೆ, ಸರಿಯಾಗಿ ಒರೆಸಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾರೆ. ದಸರೆಗೆ ರಶ್ ಜಾಸ್ತಿ ಇರುತ್ತದೆ ಅಂತ ನಾವೆಲ್ಲ ಸಮಾಧಾನ ಮಾಡಿದ್ದೇವೆ.